ಮೊದಲ ಕೋಳಿಗೂಡು: ಕೊಳ್ಳುವುದೋ, ಕಟ್ಟುವುದೋ?

ಹಿತ್ತಲಲ್ಲಿ ಎಂಟು ಹತ್ತು ಕೋಳಿ ಸಾಕಬೇಕೆಂದಿರುವ ಸದಸ್ಯರು ಸಂಘದ ಗೊಬ್ಬರದ ದಾಸ್ತಾನಿನ ಮುಂದೆ ಸಿಕ್ಕಾಗ ಸಾಮಾನ್ಯವಾಗಿ ತಳಿಯ ವಿಷಯ ಕೇಳುತ್ತಾರೆ. ಗಿರಿರಾಜ ಒಳ್ಳೆಯದೋ ಸ್ವರ್ಣಧಾರ ಒಳ್ಳೆಯದೋ, ಮರಿ ಎಲ್ಲಿ ಸಿಗುತ್ತದೆ, ಮೊಟ್ಟೆ ಎಷ್ಟು ಇಡುತ್ತದೆ ಎಂದು. ಗೂಡಿನ ಮಾತು ಬರುವುದು ಕೊನೆಯಲ್ಲಿ, ಹೊರಡುವ ಹೊತ್ತಿಗೆ. ‘ಪೇಟೆಯಲ್ಲಿ ಸಿದ್ಧ ಗೂಡು ಸಿಗುತ್ತದಂತೆ, ತಂದುಬಿಡಲೋ, ಇಲ್ಲ ಮನೆಯಲ್ಲೇ ಮಾಡಿಸಲೋ?’ ಎಂದು. ನಿಜಕ್ಕೂ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಇದು. ನಾನು ಕಂಡ ಮಟ್ಟಿಗೆ ನಮ್ಮ ಕಡೆ ಕೋಳಿ ಸಾಕಿ ಒಂದೇ ವರ್ಷಕ್ಕೆ ಕೈಬಿಟ್ಟವರಲ್ಲಿ ಹೆಚ್ಚಿನವರನ್ನು ಸೋಲಿಸಿದ್ದು ಗೂಡು.

ಕೋಳಿ ಸಾಕಣೆ ನಮ್ಮ ಸದಸ್ಯರೆಲ್ಲರ ಮನೆಯ ರೂಢಿಯಲ್ಲ. ಹಾಗಿದ್ದರೂ ತೋಟದ ಲೈನ್ ಮನೆಗಳಲ್ಲಿ, ನೆರೆಹೊರೆಯಲ್ಲಿ ಸಾಕುವವರು ಇದ್ದೇ ಇರುತ್ತಾರೆ; ಅವರಿಗೆ ಹೇಳುವುದಕ್ಕಾದರೂ ಈ ವಿಷಯ ತಿಳಿದಿದ್ದರೆ ಒಳ್ಳೆಯದು. ಇಲ್ಲಿ ಬರೆದಿರುವುದು ಐದರಿಂದ ಹದಿನೈದು ಕೋಳಿ ಸಾಕುವ ಮನೆಯವರಿಗೆ. ಫಾರಂ ಮಾಡುವವರ ಲೆಕ್ಕವೇ ಬೇರೆ.

ನಾನು ಮಾಡಿದ ತಪ್ಪು

ಮೊದಲು ನನ್ನ ಅನುಭವವನ್ನೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಕಾಫಿ ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಹಣ್ಣು ಹೆಕ್ಕಿ ಮಾರಿದ ಹಣ ಮನೆಯಾಕೆಯದು. ಒಂದು ವರ್ಷ ಆಕೆ ಆ ಹಣದಲ್ಲಿ ಎರಡು ತಿಂಗಳು ಬೆಳೆದ ಒಂಬತ್ತು ಕೋಳಿ ತರಿಸಿದಳು. ಗೂಡಿನ ಜವಾಬ್ದಾರಿ ನನ್ನದಾಯಿತು. ನಾನು ಪೇಟೆಗೆ ಹೋಗಿ ಕಬ್ಬಿಣದ ಚೌಕಟ್ಟಿನ, ಹಸಿರು ಬಣ್ಣ ಬಳಿದ, ನೋಡಲು ಚೆಂದವಾಗಿದ್ದ ಒಂದು ಗೂಡನ್ನು ಕೊಂಡು ಜೀಪಿನ ಮೇಲೆ ಹಾಕಿಕೊಂಡು ಬಂದೆ. ‘ಹನ್ನೆರಡು ಕೋಳಿಗೆ’ ಎಂದು ಅಂಗಡಿಯವರು ಹೇಳಿದ್ದರು. ಅಳತೆ ಹಾಕಿ ನೋಡುವ ಬುದ್ಧಿ ನನಗೆ ಬರಲಿಲ್ಲ.

ಮೇ ತಿಂಗಳ ಕೊನೆಯವರೆಗೆ ಎಲ್ಲವೂ ಸರಿಯಾಗಿತ್ತು. ಮೃಗಶಿರ ಮಳೆ ಹಿಡಿದ ಮೇಲೆ ನಾಲ್ಕೂ ಕಡೆಯಿಂದ ಎರಚಲು ಹೊಡೆಯತೊಡಗಿತು. ಅಡಿಯ ತಟ್ಟೆಯಲ್ಲಿ ಹಿಕ್ಕೆಯೂ ನೀರೂ ಸೇರಿ ಕೆಸರಾಯಿತು. ಕೋಳಿಗಳು ಗರಿ ಕೆದರಿಕೊಂಡು ಮೂಲೆಯಲ್ಲಿ ನಿಂತವು, ಎರಡು ಸತ್ತವು. ಆರಿದ್ರ ಮಳೆಯ ಒಂದು ರಾತ್ರಿ ಕಾಡುಬೆಕ್ಕು ಬಂದು, ಮೂಲೆಯಲ್ಲಿ ತುಕ್ಕು ಹಿಡಿದಿದ್ದ ತೆಳು ಬಲೆಯನ್ನು ಕಿತ್ತು ನಾಲ್ಕನ್ನು ಮುಗಿಸಿತು. ಜಡಿಮಳೆಯ ಸದ್ದಿನಲ್ಲಿ ನಾಯಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಉಳಿದ ಮೂರನ್ನು ಬಚ್ಚಲು ಮನೆಯಲ್ಲಿ ಕುಕ್ಕೆ ಕವುಚಿ ಮಳೆಗಾಲ ಕಳೆದೆವು. ಮನೆಯಾಕೆ ಬೈಯಲಿಲ್ಲ. ‘ಇನ್ನೊಂದು ಸಲ ತರುವುದಾದರೆ ಮೊದಲು ಗೂಡು, ಆಮೇಲೆ ಕೋಳಿ’ ಎಂದಷ್ಟೇ ಹೇಳಿದಳು.

ಇದನ್ನು ಓದಿ ‘ಹಾಗಾದರೆ ಕಟ್ಟುವುದೇ ಸರಿ’ ಎಂದು ತೀರ್ಮಾನಿಸಬೇಡಿ. ಮರುವರ್ಷ ನಾನೇ ನಿಂತು ಕಟ್ಟಿಸಿದ ಗೂಡೂ ಕೆಟ್ಟಿತು. ಅಡಿಕೆ ಮರದ ಕಂಬಗಳನ್ನು ಮಣ್ಣಿನಲ್ಲೇ ಹೂತಿದ್ದೆವು. ಎರಡನೆಯ ಮಳೆಗಾಲಕ್ಕೆ ಗೆದ್ದಲು ಹಿಡಿದು ವಾಲಿತು. ನೆಲದಿಂದ ಒಂದೂವರೆ ಅಡಿ ಎತ್ತರ ಮಾತ್ರ ಬಿಟ್ಟಿದ್ದರಿಂದ ಕೆಳಗಿನ ಗೊಬ್ಬರ ಎಳೆಯಲು ಹೊಟ್ಟೆಯ ಮೇಲೆ ಮಲಗಬೇಕಾಗುತ್ತಿತ್ತು. ಬಾಗಿಲು ಚಿಕ್ಕದಾಗಿ, ಒಳಗಿನ ಮೂಲೆಗೆ ಕೈ ಮುಟ್ಟುತ್ತಿರಲಿಲ್ಲ. ಮೂರನೆಯದು ಸರಿಹೋಯಿತು. ಕೊಂಡ ತಪ್ಪು, ಕಟ್ಟಿದ ತಪ್ಪು ಎರಡನ್ನೂ ಮಾಡಿದವನ ಮಾತೆಂದು ಮುಂದಿನದನ್ನು ಓದಬೇಕು.

ಗೂಡು ಮಾಡಬೇಕಾದ ಕೆಲಸ

ಕೊಳ್ಳಲಿ ಕಟ್ಟಲಿ, ಗೂಡು ಮಾಡಬೇಕಾದ ಕೆಲಸ ನಾಲ್ಕು: ಮಳೆ ತಡೆಯುವುದು, ರಾತ್ರಿ ಕಾಯುವುದು, ಗಾಳಿ ಆಡಿಸುವುದು, ಸುಲಭವಾಗಿ ಶುಚಿಯಾಗುವುದು.

ಮಳೆಯ ಮಾತು ಮೊದಲು. ಚಿತ್ರದುರ್ಗದ ಕಡೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ 7000ಕ್ಕೂ ಮೇಲೆ. ನಮ್ಮ ಸದಸ್ಯರ ತೋಟಗಳು ಈ ಎರಡರ ನಡುವೆ ಎಲ್ಲೋ ಒಂದು ಕಡೆ ಇವೆ. ಬಯಲುಸೀಮೆಗೋ ಪಟ್ಟಣದ ತಾರಸಿಗೋ ಮಾಡಿದ ಗೂಡು ನಮ್ಮಲ್ಲಿ ಬಾಳದಿರುವುದಕ್ಕೆ ಮಾಡಿದವನ ಮೋಸವೇ ಕಾರಣವಾಗಬೇಕೆಂದಿಲ್ಲ, ಅವನ ಮನಸ್ಸಿನಲ್ಲಿದ್ದ ಮಳೆಯೇ ಬೇರೆ. ಕೋಳಿ ಒದ್ದೆಯಾಗುವುದಕ್ಕಿಂತ ಅದರ ಕಾಲಡಿ ಒದ್ದೆಯಾಗಿ ಉಳಿಯುವುದು ಹೆಚ್ಚು ಅಪಾಯ. ಹಿಕ್ಕೆ ಬಿದ್ದ ನೆಲ ಹಸಿಯಾಗಿದ್ದರೆ ರಕ್ತಭೇದಿ ತರುವ ರೋಗಾಣು ಅಲ್ಲಿ ಬೆಳೆಯುತ್ತದೆ, ಮರಿಗಳು ಒಂದರ ಹಿಂದೊಂದು ಸಾಯುತ್ತವೆ. ಆದ್ದರಿಂದ ಮಲೆನಾಡಿನ ಗೂಡಿಗೆ ನೆಲದಿಂದ ಮೇಲೆತ್ತಿದ ಅಟ್ಟವೂ ಒಂದೂವರೆ ಅಡಿ ಹೊರಚಾಚಿದ ಸೂರೂ ಇರಲೇಬೇಕು.

ಎರಡನೆಯದು ರಾತ್ರಿ. ಕಾಡುಬೆಕ್ಕು, ಪುನುಗು ಬೆಕ್ಕು, ಹೆಬ್ಬಾವು, ನಾಗರಹಾವು, ಹೆಗ್ಗಣ, ಬೀದಿನಾಯಿ ಇವುಗಳಿಗೆಲ್ಲ ತೋಟದ ಮನೆಯ ಕೋಳಿ ಸುಲಭದ ಊಟ. ಹಗಲಿನಲ್ಲಿ ಮುಂಗುಸಿಯೂ ಗಿಡುಗವೂ ಇವೆ, ಆದರೆ ಗೂಡಿನ ಪರೀಕ್ಷೆ ನಡೆಯುವುದು ಕತ್ತಲಲ್ಲಿ. ಆರು ಮೂಲೆಯ ಕಣ್ಣಿನ ತೆಳು ತಂತಿಯ ಬಲೆಯನ್ನು ಮಾಡಿರುವುದು ಕೋಳಿ ಹೊರಗೆ ಹೋಗದಿರಲೆಂದು. ಬೆಕ್ಕು, ನಾಯಿ ಒಳಗೆ ಬರುವುದನ್ನು ಅದು ತಡೆಯುವುದಿಲ್ಲ. ಬೇಕಾದದ್ದು ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿ, ಪೇಟೆಯಲ್ಲಿ ವೆಲ್ಡ್ ಮೆಶ್ ಎಂದು ಕೇಳಿದರೆ ಕೊಡುವಂಥದು. ಹೆಬ್ಬಾವು ಬಂದರೆ ಹೊಡೆಯುವುದು, ಬೆಕ್ಕಿಗೆ ಉರುಳು ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಗೂಡಿನ ಸುತ್ತ ತಂತಿ ಎಳೆದು ಮನೆಯ ಕರೆಂಟು ಕೊಡುವುದಂತೂ ಮನೆಯ ಮಕ್ಕಳ ಜೀವಕ್ಕೇ ಅಪಾಯ. ನಮ್ಮ ಕೈಯಲ್ಲಿರುವ ಸರಿಯಾದ ಉಪಾಯ ಗಟ್ಟಿ ಗೂಡೊಂದೇ.

ಮೂರನೆಯದು ಗಾಳಿ. ಮಳೆಗೆ ಹೆದರಿ ನಾಲ್ಕೂ ಕಡೆ ಹಲಗೆ ಹೊಡೆದರೆ ಒಳಗೆ ಹಿಕ್ಕೆಯ ಘಾಟು ತುಂಬುತ್ತದೆ. ಬೆಳಗ್ಗೆ ಬಾಗಿಲು ತೆರೆದಾಗ ನಿಮ್ಮ ಕಣ್ಣು ಉರಿದರೆ, ರಾತ್ರಿಯಿಡೀ ಅದೇ ಗಾಳಿ ಕುಡಿದ ಕೋಳಿಯ ಗತಿ ಏನೆಂದು ಯೋಚಿಸಿ.

ನಾಲ್ಕನೆಯದು ಶುಚಿ. ಗುಡಿಸಲು ಕಷ್ಟವಾದ ಗೂಡನ್ನು ಯಾರೂ ಗುಡಿಸುವುದಿಲ್ಲ. ಮನೆಯವರು ಸೋಮಾರಿಗಳೆಂದಲ್ಲ, ಕೊಯ್ಲಿನ ದಿನಗಳಲ್ಲಿ ಅರ್ಧ ಗಂಟೆ ಬಿಡುವು ಯಾರಿಗೂ ಇರುವುದಿಲ್ಲ.

ಎಷ್ಟು ಕೋಳಿಗೆ ಎಷ್ಟು ಜಾಗ

ಹಗಲೆಲ್ಲ ಹೊರಗೆ ಮೇಯ್ದು ರಾತ್ರಿ ಮಾತ್ರ ಒಳಗಿರುವ ಕೋಳಿಗೆ ಒಂದಕ್ಕೆ 2 ಚದರ ಅಡಿ ಸಾಕು. ಮಳೆಗಾಲದಲ್ಲಿ ನಾಲ್ಕೈದು ದಿನ ಬಿಡಲಾಗದ ಊರುಗಳಲ್ಲಿ ಅದಕ್ಕಿಂತ ತುಸು ಹೆಚ್ಚಾಗಿಯೇ ಇರಲಿ. ಪೂರ್ತಿ ಕೂಡಿಹಾಕಿ ಸಾಕುವುದಾದರೆ 4 ಚದರ ಅಡಿಗೆ ಕಡಿಮೆ ಇರಕೂಡದು. ಇಕ್ಕಟ್ಟಾದರೆ ಕೋಳಿಗಳು ಒಂದರ ಗರಿಯನ್ನೊಂದು ಕಿತ್ತು ಗಾಯ ಮಾಡಿಕೊಳ್ಳುತ್ತವೆ. ಕೂರುವ ಅಡ್ಡಕೋಲಿನ ಮೇಲೆ ಒಂದಕ್ಕೆ 8ರಿಂದ 10 ಇಂಚು ಉದ್ದ ಬೇಕು. ಮೊಟ್ಟೆ ಇಡಲು ನಾಲ್ಕೈದು ಕೋಳಿಗೆ ಒಂದರಂತೆ, ಒಂದಡಿ ಉದ್ದ ಒಂದಡಿ ಅಗಲದ ಪೆಟ್ಟಿಗೆ ಸಾಕು.

ಯಾವ ತಳಿ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡು 1989ರಲ್ಲಿ ಬಂದ ಗಿರಿರಾಜ ಭಾರದ ಕೋಳಿ. ಅದಕ್ಕೆ ಅಡ್ಡಕೋಲು ಒಂದೂವರೆ ಅಡಿಗಿಂತ ಎತ್ತರವಿದ್ದರೆ ಇಳಿಯುವಾಗ ಕಾಲಿಗೆ ಪೆಟ್ಟಾಗುತ್ತದೆ. ಹಾರಿ ತಪ್ಪಿಸಿಕೊಳ್ಳುವುದೂ ಕಷ್ಟ. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ಮೊಟ್ಟೆಯೂ ಹೆಚ್ಚು. ನಾಟಿ ಕೋಳಿ ಮರ ಹತ್ತಿಯಾದರೂ ರಾತ್ರಿ ಕಳೆದೀತು. ಸುಧಾರಿತ ತಳಿಗಳನ್ನು ಸಾಕುವವರಿಗೆ ಗಟ್ಟಿ ಗೂಡಿನ ಅಗತ್ಯ ಹೆಚ್ಚು ಎಂದು ಇದರಿಂದ ತಿಳಿಯಬೇಕು.

ಸಿದ್ಧ ಗೂಡು ಯಾರಿಗೆ ಸರಿ

ಕೆಲವರಿಗೆ ಕೊಳ್ಳುವುದೇ ಸರಿ. ಮೂರು ನಾಲ್ಕು ಕೋಳಿ ಇಟ್ಟು ಒಂದು ವರ್ಷ ಪರೀಕ್ಷಿಸಿ ನೋಡುವವರು, ಲೈನ್ ಮನೆಯಲ್ಲೋ ಬಾಡಿಗೆ ಮನೆಯಲ್ಲೋ ಇದ್ದು ಮುಂದೆ ಜಾಗ ಬದಲಿಸುವವರು, ಮರಮುಟ್ಟು ಇಲ್ಲದವರು, ಬಡಗಿ ಸಿಗದ ಊರಿನವರು, ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುವವರು. ಇಂಥವರು ಸಿದ್ಧ ಗೂಡನ್ನು ಬಯಲಿನಲ್ಲಿ ಇಡದೆ ಕೊಟ್ಟಿಗೆಯ ಇಳಿಜಾರಿನ ಕೆಳಗೋ ಕಟ್ಟಿಗೆ ಮನೆಯ ಒಳಗೋ ಇಟ್ಟರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು. ಮಳೆ ತಡೆಯುವ ಕೆಲಸವನ್ನು ಮನೆಯ ಮಾಡೇ ಮಾಡುತ್ತದೆ. ಗೂಡಿಗೆ ಉಳಿಯುವುದು ರಾತ್ರಿ ಕಾಯುವ ಕೆಲಸ ಮಾತ್ರ.

ಅಂಗಡಿಗೆ ಹೋಗುವಾಗ ಅಳತೆಯ ಟೇಪು ಒಯ್ಯಿರಿ. ‘ಇಷ್ಟು ಕೋಳಿಗೆ’ ಎಂಬ ಮಾತನ್ನು ಬದಿಗಿಟ್ಟು ಒಳಗಿನ ಉದ್ದ ಅಗಲ ಅಳೆದು, ಚದರ ಅಡಿ ಲೆಕ್ಕ ಹಾಕಿ ಎರಡರಿಂದ ಭಾಗಿಸಿ. ನನ್ನ ಹಸಿರು ಗೂಡು 4 ಅಡಿ ಉದ್ದ, 2 ಅಡಿ ಅಗಲ ಇತ್ತು. ಅಂದರೆ ನಾಲ್ಕು ಕೋಳಿಯ ಗೂಡು. ಅದರಲ್ಲಿ ನಾನು ಒಂಬತ್ತು ತುಂಬಿದ್ದೆ.

ಆಮೇಲೆ ಜಾಲರಿಯ ಮೂಲೆಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ. ಬಗ್ಗಿದರೆ ಬೆಕ್ಕಿಗೂ ಬಗ್ಗುತ್ತದೆ. ಬಾಗಿಲಿನ ಚಿಲಕ ಬರಿಯ ಕೊಕ್ಕೆಯಾಗಿರದೆ, ಕೊಂಡಿ ಹಾಕಿ ಬೀಗ ಅಥವಾ ಮೊಳೆ ಸಿಕ್ಕಿಸುವಂತಿರಬೇಕು. ಕಾಲು ಎರಡು ಅಡಿಗಿಂತ ಗಿಡ್ಡವಾಗಿರಬಾರದು; ಗಿಡ್ಡವಿದ್ದರೆ ಕಲ್ಲಿನ ಮೇಲೆ ಏರಿಸಿ ಇಡಬಹುದು. ತಳದ ತಟ್ಟೆ ಪೂರ್ತಿ ಹೊರಗೆ ಎಳೆಯಲು ಬರಬೇಕು. ಬೆಸುಗೆ ಹಾಕಿದ ಕಡೆ ಬಣ್ಣ ಸರಿಯಾಗಿ ಕೂತಿಲ್ಲದಿದ್ದರೆ ತುಕ್ಕು ಶುರುವಾಗುವುದು ಅಲ್ಲಿಂದಲೇ. ತಂದ ಕೂಡಲೇ ಒಂದು ಸುತ್ತು ಬಣ್ಣ ಹೊಡೆದು, ವಾಸನೆ ಹೋದ ಮೇಲೆ ಕೋಳಿ ಬಿಡುವುದು ಒಳಿತು. ಮೊಟ್ಟೆ ಫಾರಂಗಳಿಂದ ಅಗ್ಗಕ್ಕೆ ಸಿಗುವ ಹಳೆಯ ತಂತಿ ಪಂಜರಗಳು ಮಾತ್ರ ಬೇಡ. ಕೂರಲು ಕೋಲಿಲ್ಲ, ಕೆದಕಲು ನೆಲವಿಲ್ಲ, ಹಿತ್ತಲ ಕೋಳಿಗೆ ಅದು ಹೊಂದದು.

ಕಟ್ಟುವವರಿಗೆ: ಹತ್ತು ಕೋಳಿಯ ಗೂಡು

ಅಡಿಕೆ ತೋಟ ಇದ್ದವರ ಮನೆಯ ಹಿಂದೆ ಬಿದ್ದ ಮರದ ದಬ್ಬೆ, ಹಳೆಯ ಹಂಚು, ತಗಡು, ಬೇಲಿಯ ಕಲ್ಲುಕಂಬ ಇದ್ದೇ ಇರುತ್ತವೆ. ಇಂಥ ಕಡೆ ಕಟ್ಟುವುದು ಲಾಭ. ನಮ್ಮ ಮೂರನೆಯ ಗೂಡಿನ ಅಳತೆ ಹೀಗಿದೆ: 6 ಅಡಿ ಉದ್ದ, 4 ಅಡಿ ಅಗಲ, ಅಂದರೆ 24 ಚದರ ಅಡಿ. ನೆಲದಿಂದ ಅಟ್ಟಕ್ಕೆ ಎರಡೂವರೆ ಅಡಿ. ಅಟ್ಟದಿಂದ ಮಾಡಿಗೆ ಮುಂದುಗಡೆ 5 ಅಡಿ, ಹಿಂದುಗಡೆ 3 ಅಡಿ. ಒಬ್ಬ ಬಡಗಿ, ಒಬ್ಬ ಆಳು ಮೂರು ದಿನದಲ್ಲಿ ಮುಗಿಸಿದರು.

ದಿಕ್ಕು ಮುಖ್ಯ. ನಮ್ಮ ದೊಡ್ಡ ಮಳೆ ಬೀಸುವುದು ಪಶ್ಚಿಮ ಮತ್ತು ನೈಋತ್ಯದಿಂದ. ಆದ್ದರಿಂದ ಗಿಡ್ಡ ಹಿಂಗೋಡೆ ಪಶ್ಚಿಮಕ್ಕೆ ಇದ್ದು ಪೂರ್ತಿ ಮುಚ್ಚಿರಬೇಕು. ಎತ್ತರದ ಮುಂಭಾಗ ಪೂರ್ವಕ್ಕೆ, ಜಾಲರಿಯದು. ಬೆಳಗಿನ ಬಿಸಿಲು ಒಳಗೆ ಬೀಳುತ್ತದೆ, ಹಸಿ ಬೇಗ ಆರುತ್ತದೆ. ಹಿಂಗಾರಿನಲ್ಲಿ ಪೂರ್ವದಿಂದ ಮಳೆ ಬಂದಾಗ ಇಳಿಬಿಡಲು ಒಂದು ಗೋಣಿ ತಾಟಿನ ಪರದೆ ಇದ್ದರೆ ಸಾಕು.

ಕಾಲುಗಳಿಗೆ ಕಲ್ಲುಕಂಬವೇ ಉತ್ತಮ. ಮರದ ಕಾಲಾದರೆ ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸಬೇಕು. ಪ್ರತಿ ಕಾಲಿಗೂ ಅಟ್ಟದ ಕೆಳಗೆ ಒಂದು ತಗಡಿನ ಪಟ್ಟಿಯನ್ನು ಕೊಡೆಯಂತೆ ಸುತ್ತಿ ಹೊಡೆದರೆ ಹೆಗ್ಗಣ ಹತ್ತುವುದಿಲ್ಲ.

ಅಟ್ಟಕ್ಕೆ ಬಲಿತ ಅಡಿಕೆ ಮರದ ದಬ್ಬೆ. ಒಳಗಿನ ಮೆದು ತಿರುಳನ್ನು ಪೂರ್ತಿ ಕೆತ್ತಿ ತೆಗೆದು, ಗಟ್ಟಿ ಭಾಗವನ್ನು ಮಾತ್ರ ಬಳಸಬೇಕು. ತಿರುಳು ಉಳಿದರೆ ಹುಳ ಹಿಡಿಯುತ್ತದೆ. ಎರಡು ಇಂಚು ಅಗಲದ ದಬ್ಬೆಯನ್ನು ಅರ್ಧ ಇಂಚು ಸಂದು ಬಿಟ್ಟು ಅಡ್ಡಕ್ಕೆ ಹೊಡೆದರೆ 6 ಅಡಿ ಉದ್ದಕ್ಕೆ 4 ಅಡಿಯ ಸುಮಾರು 30 ದಬ್ಬೆ ಬೇಕಾಗುತ್ತದೆ. ಹೊರಮೈ ಮೇಲೆ ಬರಲಿ, ನಯವಾಗಿರುವುದರಿಂದ ಹಿಕ್ಕೆ ಅಂಟುವುದಿಲ್ಲ. ಸಂದಿನಲ್ಲಿ ಹಿಕ್ಕೆ ಕೆಳಗೆ ಬೀಳುತ್ತದೆ. ಚಿಕ್ಕ ಮರಿಗಳಿದ್ದಾಗ ಕಾಲು ಸಿಕ್ಕಿಕೊಳ್ಳದಂತೆ ಮೇಲೆ ಗೋಣಿ ಹಾಸಬೇಕು.

ಮಾಡಿಗೆ ಹಳೆಯ ಮಂಗಳೂರು ಹಂಚು ಇದ್ದರೆ, ಸೂರು ಸೇರಿ ಒಡಕಿಗೂ ಲೆಕ್ಕ ಹಿಡಿದು ನೂರು ಹಂಚು ಸಾಕು. ಹಂಚಿಗೆ ಇಳಿಜಾರು ಚೆನ್ನಾಗಿರಬೇಕು. 4 ಅಡಿ ಅಗಲಕ್ಕೆ 2 ಅಡಿ ಇಳಿಸಿರುವುದು ಅದಕ್ಕಾಗಿಯೇ. ಒಂದೊಂದು ಹಂಚೂ ಎರಡು ಕಿಲೋಗೆ ಮೇಲೆ ತೂಗುವುದರಿಂದ ಪಕಾಸು, ರೀಪುಗಳು ಗಟ್ಟಿ ಇರಲಿ. ಇಲ್ಲಿ ಒಂದು ಎಚ್ಚರಿಕೆ: ಪುನುಗು ಬೆಕ್ಕಿಗೆ ಹಂಚು ಸರಿಸಿ ಒಳಗಿಳಿಯುವುದು ಚೆನ್ನಾಗಿ ಗೊತ್ತು. ಹಂಚಿನ ಕೆಳಗೆ ಜಾಲರಿ ಹೊಡೆಯದೆ ಬಿಡಬೇಡಿ. ತಗಡಿನ ಮಾಡಾದರೆ ಈ ಭಯವಿಲ್ಲ, ಆದರೆ ಬೇಸಿಗೆಯಲ್ಲಿ ಕಾಯುತ್ತದೆ. ಮೇಲೆ ಸೋಗೆ ಹೊದಿಸಬೇಕು.

ಜಾಲರಿ ಮುಂಭಾಗಕ್ಕೆ, ಎರಡು ಪಕ್ಕದ ಮೇಲರ್ಧಕ್ಕೆ, ಹಂಚಿನ ಕೆಳಗೆ, ಎಲ್ಲ ಸೇರಿ 3 ಅಡಿ ಅಗಲದ್ದು 30 ಅಡಿ ಬೇಕಾಯಿತು. ಜಾಲರಿಯ ಅಂಚನ್ನು ಬರಿಯ ಮೊಳೆಯಿಂದ ಹಿಡಿಸದೆ, ಮೇಲೊಂದು ಮರದ ಪಟ್ಟಿ ಇಟ್ಟು ಹೊಡೆಯಬೇಕು. ಬೆಕ್ಕು ಕೀಳುವುದು ನಡುವಿನಲ್ಲಲ್ಲ, ಅಂಚಿನಲ್ಲಿ. ಪಶ್ಚಿಮದ ಗೋಡೆಗೂ ಪಕ್ಕಗಳ ಕೆಳಗಿನ ಅರ್ಧಕ್ಕೂ ದಬ್ಬೆ ಒತ್ತಾಗಿ ಹೊಡೆದು ಹೊರಗೆ ಹಳೆಯ ತಗಡು ಹೊದಿಸಿದರೆ ಎರಚಲು ಒಳಗೆ ಬಾರದು.

ಅಡ್ಡಕೋಲಿಗೆ ಒಂದೂವರೆ ಎರಡು ಇಂಚು ದಪ್ಪದ, ಉರುಟಾದ, ಸಿಪ್ಪೆ ಸುಲಿದ ಕೋಲು ಎರಡು ಸಾಕು. ಕಾಫಿ ಗಿಡದ ಕೋಲು ಗಟ್ಟಿಯಾದದ್ದು ನಿಜ, ಆದರೆ ಬಿಳಿ ಕಾಂಡಕೊರಕ ಬಿದ್ದು ಕಿತ್ತ ಅರೇಬಿಕಾ ಗಿಡವನ್ನು ಇದಕ್ಕೆ ಬಳಸಲೇಕೂಡದು. ಅದನ್ನು ಕಿತ್ತ ಕೂಡಲೇ ಸುಡಬೇಕು. ಗೂಡಿನಲ್ಲಿ ಇಟ್ಟರೆ ಒಳಗಿನ ಹುಳ ದುಂಬಿಯಾಗಿ ಹೊರಬಂದು ಮತ್ತೆ ತೋಟ ಸೇರುತ್ತದೆ. ಮೊಟ್ಟೆಯ ಪೆಟ್ಟಿಗೆಗಳು ಅಡ್ಡಕೋಲಿಗಿಂತ ಕೆಳಗಿರಬೇಕು. ಮೇಲಿದ್ದರೆ ಕೋಳಿ ಅದರಲ್ಲೇ ಮಲಗಿ ಹೊಲಸು ಮಾಡುತ್ತದೆ.

ಬಾಗಿಲು ಮನುಷ್ಯನ ಭುಜ ತೂರುವಷ್ಟು, ಅಂದರೆ 2 ಅಡಿ ಅಗಲ, 3 ಅಡಿ ಎತ್ತರ ಇರಲಿ. ಬಿಜಾಗರಿ, ಚಿಲಕ, ಮೊಳೆ, ಜಾಲರಿ ಇವಿಷ್ಟರಲ್ಲಿ ಉಳಿತಾಯ ಮಾಡಬೇಡಿ. ಉಳಿದದ್ದೆಲ್ಲ ಹಳೆಯ ಸಾಮಾನಿನಲ್ಲಿ ಆಗಬಹುದು. ಕಟ್ಟಿದ ಮೇಲೆ ಒಳಗೆಲ್ಲ ಸುಣ್ಣ ಬಳಿಯಿರಿ. ಸಂದುಗಳಲ್ಲಿ ಅಡಗುವ ಕೋಳಿಹೇನಿಗೆ ತಡೆಯಾಗುತ್ತದೆ.

ಗೂಡಿನ ಕೆಳಗೆ ಕೋಳಿ ಹೋಗಿ ಹಿಕ್ಕೆ ಕೆದಕದಂತೆ ಸುತ್ತ ದಬ್ಬೆಯ ಅಡ್ಡ ಕಟ್ಟಿ, ಆ ಜಾಗದಲ್ಲಿ ಕಾಫಿ ಸಿಪ್ಪೆಯನ್ನೋ ಒಣ ತರಗೆಲೆಯನ್ನೋ ಹರಡುತ್ತ ಹೋದರೆ ವಾಸನೆ ಬರುವುದಿಲ್ಲ, ಒಳ್ಳೆಯ ಗೊಬ್ಬರ ಆಗುತ್ತದೆ. ಕೋಳಿ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇಕಡಾ 3. ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧದ ಆಸುಪಾಸು. ಆದರೆ ಹಸಿಯಾಗಿ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಎರಡು ಮೂರು ತಿಂಗಳು ಕೊಳೆಸಿಯೇ ಹಾಕತಕ್ಕದ್ದು.

ಖರ್ಚಿನ ಲೆಕ್ಕ

ಸಿದ್ಧ ಗೂಡಿನ ಬೆಲೆ ಒಂದೇ ಅಂಕಿಯಲ್ಲಿ ಕಾಣುತ್ತದೆ. ಕಟ್ಟುವುದರ ಖರ್ಚು ಚೂರುಚೂರಾಗಿ ಹೋಗುವುದರಿಂದ ಅಗ್ಗವೆಂದು ತೋರುತ್ತದೆ. ಸರಿಯಾಗಿ ಹೋಲಿಸಬೇಕಾದರೆ ಕಟ್ಟುವ ಕಡೆ ಮೂರು ಬಾಬು ಬರೆಯಿರಿ: ಅಂಗಡಿಯ ಸಾಮಾನು, ಬಡಗಿ ಮತ್ತು ಆಳಿನ ಕೂಲಿ, ತೋಟದ ಸಾಮಾನು. ಮೂರನೆಯದನ್ನು ಸೊನ್ನೆ ಎಂದು ಬರೆಯುವ ಅಭ್ಯಾಸ ನಮಗಿದೆ. ಮಾರಿದರೆ ಎಷ್ಟು ಬರುತ್ತಿತ್ತೋ ಅಷ್ಟನ್ನು ಬರೆಯುವುದು ನ್ಯಾಯ. ಕೊಳ್ಳುವ ಕಡೆ ಬೆಲೆಯ ಜೊತೆ ಸಾಗಣೆಯನ್ನೂ, ನಮ್ಮ ಮಳೆಗೆ ಸರಿಮಾಡಲು ಹಿಡಿಯುವ ಜಾಲರಿ, ತಗಡಿನ ಖರ್ಚನ್ನೂ ಸೇರಿಸಿ.

ಆಮೇಲೆ ವರ್ಷಕ್ಕೆ ಹಂಚಿ. ಹತ್ತು ಕೋಳಿ ವರ್ಷಕ್ಕೆ ತಲಾ 150 ಮೊಟ್ಟೆ ಇಟ್ಟರೆ 1500 ಆಯಿತು. ಗೂಡು ಐದು ವರ್ಷ ಬಾಳಿ, ಮುದಿಯಾದ ಕೋಳಿಗಳನ್ನು ಬದಲಿಸುತ್ತ ಹೋದರೆ 7500 ಮೊಟ್ಟೆ. ಗೂಡಿಗೆ ಹಾಕಿದ ಪ್ರತಿ ಸಾವಿರ ರೂಪಾಯಿ ಒಂದು ಮೊಟ್ಟೆಯ ಮೇಲೆ 13 ಪೈಸೆ ಬೀಳುತ್ತದೆ. ಅದೇ ಗೂಡು ಎರಡೇ ವರ್ಷಕ್ಕೆ ತುಕ್ಕು ಹಿಡಿದು ಹೋದರೆ 33 ಪೈಸೆ. ಅಗ್ಗದ ಗೂಡೇ ತುಟ್ಟಿಯಾಗುವುದು ಹೀಗೆ. ನನ್ನಲ್ಲಿ ಆದ ಹಾಗೆ ಒಂದು ರಾತ್ರಿಗೆ ನಾಲ್ಕು ಕೋಳಿ ಹೋದರೆ ಹೋಗುವುದು ನಾಲ್ಕರ ಬೆಲೆ ಮಾತ್ರವಲ್ಲ, ಮುಂದಿನ ವರ್ಷದ 600 ಮೊಟ್ಟೆ. ಗಟ್ಟಿ ಜಾಲರಿಗೆ ಹೆಚ್ಚು ಕೊಟ್ಟದ್ದು ಒಂದೇ ರಾತ್ರಿಯಲ್ಲಿ ವಸೂಲಾಗುತ್ತದೆ. ನಾಟಿ ಕೋಳಿಯಾದರೆ ವರ್ಷಕ್ಕೆ 60ರಿಂದ 80 ಮೊಟ್ಟೆಯ ಲೆಕ್ಕದಲ್ಲಿ ಇದನ್ನೇ ಹಾಕಿ ನೋಡಬೇಕು.

ಗೂಡು ಎಲ್ಲಿರಬೇಕು

ಬೆಳೆಗಾರರ ಮನೆಯಲ್ಲಿ ಇದೊಂದು ಪ್ರತ್ಯೇಕ ವಿಚಾರ. ಕಾಫಿ ಒಣಗಿಸುವ ಕಣದ ಹತ್ತಿರ ಗೂಡು ಬೇಡವೇ ಬೇಡ. ಕೋಳಿ ಬೀಜ ಕೆದಕುತ್ತದೆ, ಮೇಲೆ ಹಿಕ್ಕೆ ಹಾಕುತ್ತದೆ. ಕಾಫಿಯಂತೂ ಸುತ್ತಲಿನ ವಾಸನೆಯನ್ನು ಬೇಗ ಹೀರುವ ಪದಾರ್ಥ. ಒಂದು ಬುಟ್ಟಿ ಮೊಟ್ಟೆಗಾಗಿ ಒಂದು ಚೀಲ ಪಾರ್ಚ್‌ಮೆಂಟಿನ ದರ ಕಳೆದುಕೊಳ್ಳಬಾರದು. ಅಡಿಕೆ ಒಣಗಿಸುವ ಅಂಗಳಕ್ಕೂ ಇದೇ ಮಾತು. ಕಾಫಿ ನರ್ಸರಿ, ಹೊಸದಾಗಿ ನೆಟ್ಟ ಮೆಣಸಿನ ಬುಡ ಇವು ಕೋಳಿ ಕೆದಕಲು ಆಸೆಪಡುವ ಜಾಗಗಳು. ಅವುಗಳಿಗೆ ಬೇಲಿ ಇಲ್ಲದಿದ್ದರೆ ಗೂಡನ್ನು ದೂರ ಇಡಿ. ಮೈಲುತುತ್ತ ಕದಡುವ ತೊಟ್ಟಿಯ ಹತ್ತಿರ ಕೋಳಿ ಸುಳಿಯಬಾರದು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನ ಗೂಡು ಮುಚ್ಚಿಯೇ ಇರಲಿ.

ಹಾಗೆಂದು ಮನೆಯಿಂದ ಬಹಳ ದೂರವೂ ಆಗಬಾರದು. ರಾತ್ರಿ ಕೋಳಿ ಕೂಗಿದರೆ ಮಲಗುವ ಕೋಣೆಗೆ ಕೇಳಿಸಬೇಕು; ಸಂಜೆ ಮಳೆಯಲ್ಲೂ ಹೋಗಿ ಬಾಗಿಲು ಹಾಕುವಷ್ಟು ಹತ್ತಿರ ಇರಬೇಕು. ಪಕ್ಕದಲ್ಲಿ ನಾಲ್ಕು ಕಂಬದ ಒಂದು ಚಪ್ಪರ ಇದ್ದು, ಅದರ ಕೆಳಗೆ ಒಲೆಯ ಬೂದಿ, ಒಣ ಮಣ್ಣು ಹರಡಿದ್ದರೆ ಮಳೆಗಾಲದಲ್ಲೂ ಕೋಳಿಗಳು ಅದರಲ್ಲಿ ಹೊರಳಿ ಮೈಯ ಹೇನು ಕಳೆದುಕೊಳ್ಳುತ್ತವೆ.

ಯಾವಾಗ ಮಾಡಬೇಕು

ಕೊಯ್ಲು ಮುಗಿದು ಆಳು ಸಿಗುವ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಗೂಡು ಮುಗಿಸಬೇಕು. ಆದರೆ ಅವಸರಪಟ್ಟು ಮೇ ತಿಂಗಳಲ್ಲೇ ಮರಿ ತರಬೇಡಿ. ಥಂಡಿಯಲ್ಲಿ ಮರಿ ಬೆಚ್ಚಗಿಡುವುದು ಕಷ್ಟ. ಆ ಮಳೆಗಾಲ ಗೂಡು ಖಾಲಿ ಇರಲಿ. ಒಂದು ಜಡಿಮಳೆಯ ಮರುದಿನ ಒಳಗೆ ಕೈಯಾಡಿಸಿ ನೋಡಿ. ಎಲ್ಲಿ ಹಸಿ ಇದೆಯೋ ಅಲ್ಲಿ ತಗಡು ಸೇರಿಸಿ. ಸಿದ್ಧ ಗೂಡು ತಂದವರೂ ಹೀಗೆಯೇ ಮಾಡಿ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಮರಿ ತಂದರೆ ಐದಾರು ತಿಂಗಳಿಗೆ, ಅಂದರೆ ಮಾರ್ಚ್ ಏಪ್ರಿಲ್ ಹೊತ್ತಿಗೆ ಮೊಟ್ಟೆ ಶುರುವಾಗುತ್ತದೆ. ಮುಂದಿನ ಮಳೆ ಬರುವಾಗ ಅವು ಬಲಿತ ಕೋಳಿಗಳು. ಕೊಕ್ಕರೆ ರೋಗದ ಲಸಿಕೆಯನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಕಾಲಕಾಲಕ್ಕೆ ಹಾಕಿಸತಕ್ಕದ್ದು. ಗೂಡು ಎಷ್ಟೇ ಗಟ್ಟಿಯಿದ್ದರೂ ಈ ರೋಗವನ್ನು ತಡೆಯಲಾರದು.

ಕೊನೆಯ ಮಾತು

ಮರಮುಟ್ಟು, ಜಾಗ, ಒಬ್ಬ ಬಡಗಿ ಇದ್ದು, ಎಂಟಕ್ಕಿಂತ ಹೆಚ್ಚು ಕೋಳಿ ಸಾಕುವ ಮನಸ್ಸಿದ್ದರೆ ಕಟ್ಟಿ. ನಾಲ್ಕೈದು ಕೋಳಿಯ ಪರೀಕ್ಷೆಯಾದರೆ, ಇಲ್ಲವೇ ಮಾಡಿನ ಕೆಳಗೆ ಇಡುವ ಅನುಕೂಲವಿದ್ದರೆ ಅಳತೆ ನೋಡಿ ಕೊಳ್ಳಿ. ಮನೆಯಲ್ಲಿ ಹಳೆಯ ಕಟ್ಟಿಗೆ ಮನೆಯೋ ಬಿಟ್ಟ ಕೊಟ್ಟಿಗೆಯ ಮೂಲೆಯೋ ಇದ್ದರೆ ಕೊಳ್ಳುವುದೂ ಬೇಡ, ಹೊಸದಾಗಿ ಕಟ್ಟುವುದೂ ಬೇಡ. ದಬ್ಬೆಯ ಅಟ್ಟ, ಜಾಲರಿಯ ಬಾಗಿಲು ಹಾಕಿಸಿದರೆ ಅದೇ ಗೂಡಾಗುತ್ತದೆ. ಮೂರರಲ್ಲಿ ಯಾವುದಾದರೂ ಸರಿ, ದುಡ್ಡು ಕೊಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಆರಿದ್ರ ಮಳೆಗೆ ಇದರ ಒಳಗೆ ಒಣಗಿರುತ್ತದೆಯೇ? ರಾತ್ರಿ ಎರಡು ಗಂಟೆಗೆ ಬೆಕ್ಕು ಸುತ್ತು ಹಾಕಿದರೆ ಅದಕ್ಕೆ ಎಲ್ಲಾದರೂ ಸಂದು ಸಿಗುತ್ತದೆಯೇ?

ಇದೆಲ್ಲದರ ಮೇಲೆ, ದೀಪ ಹಚ್ಚುವ ಹೊತ್ತಿಗೆ ತಲೆ ಎಣಿಸಿ ಬಾಗಿಲು ಹಾಕುವವರು ಯಾರೆಂದು ಮನೆಯಲ್ಲಿ ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಈಗ ಆ ಕೆಲಸ ನನ್ನದು. ಮನೆಯಾಕೆ ಒಳಗಿನಿಂದ ‘ಹತ್ತೂ ಇವೆಯಾ?’ ಎಂದು ಕೇಳುತ್ತಾಳೆ; ಎಣಿಸದೆ ಉತ್ತರ ಹೇಳುವ ಧೈರ್ಯ ನನಗಿಲ್ಲ.